ಹೊನ್ನದ ಹೊಲದ ಬೋರ್ಡು

ಜೂನ್ ೯, ಸೋಮವಾರ

ಹಾರ್ಡ್‌ವೇರ್ ಅಂಗಡಿಯವರು ಜನವರಿಯಲ್ಲಿ ಕೊಟ್ಟ ಡೈರಿಗೆ ಇವತ್ತು ಮುಹೂರ್ತ. ಇಷ್ಟು ದಿನ ಅದು ಕಟಿಂಗ್ ಮಿಷನ್ ಅಲುಗಾಡದಂತೆ ಅದರ ಕಾಲಿನ ಕೆಳಗೆ ಬಿದ್ದಿತ್ತು. ಕನ್ನಡದಲ್ಲೇ ಬರೆಯುತ್ತೇನೆ. ನನಗೆ ಉರ್ದು ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಫಖ್ರುನ್ನೀಸಾ ಓದಿದ್ದು ಉರ್ದು ಸ್ಕೂಲಿನಲ್ಲಿ, ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಗಂಡನಾದವನಿಗೆ ಇಷ್ಟಾದರೂ ಏಕಾಂತ ಬೇಡವೇ.

ಬರೆಯುವಂಥದ್ದು ಏನಾಗಿದೆಯೆಂದರೆ, ವರ್ಕ್‌ಶಾಪಿನ ಮಾಲೀಕರು ಆಗಸ್ಟ್ ಒಳಗೆ ಜಾಗ ಖಾಲಿ ಮಾಡಿ ಎಂದಿದ್ದಾರೆ. ಅಲ್ಲಿ ಕೇರಳದ ಊಟದ ಹೋಟೆಲ್ ಬರುತ್ತದಂತೆ. ಊಟಿಗೆ ಹೋಗುವವರಿಗೂ ವಯನಾಡಿಗೆ ಹೋಗುವವರಿಗೂ ಸರಿಯಾಗಿ ಗುಂಡ್ಲುಪೇಟೆಯಲ್ಲೇ ಹಸಿವಾಗುತ್ತದೆ. ಗ್ರಿಲ್ ಬಾಗಿಲು ಮಾಡಿಸಬೇಕು ಅಂತ ಯಾರೂ ಇಲ್ಲಿ ಕಾರು ನಿಲ್ಲಿಸುವುದಿಲ್ಲ.

ನನಗೆ ಚಿಂತೆಯಿಲ್ಲ. ಭೀಮನಬೀಡಿನ ದಾರಿಯಲ್ಲಿ ಅಬ್ಬಾ ಬಿಟ್ಟುಹೋದ ಹತ್ತು ಗುಂಟೆ ಇದೆ, ರಸ್ತೆಗೆ ಅಂಟಿಕೊಂಡ ಮೂಲೆ. ಸದ್ಯಕ್ಕೆ ಅಲ್ಲಿ ಬೆಳೆಯುತ್ತಿರುವುದು ಕಾಂಗ್ರೆಸ್ ಗಿಡ ಮಾತ್ರ. ಶೆಡ್ಡು ಹಾಕಿ, ಕರೆಂಟು ಎಳೆಸಿ, 'ಕಲಂದರ್ ಎಂಜಿನಿಯರಿಂಗ್ ವರ್ಕ್ಸ್' ಅಂತ ಬೋರ್ಡು ನಿಲ್ಲಿಸಿದರೆ ಆಯಿತು. ವೆಲ್ಡಿಂಗ್ ಅಂಗಡಿಗೆ 'ಎಂಜಿನಿಯರಿಂಗ್' ಜಾಸ್ತಿಯಾಯಿತು ಅಬ್ಬಾ ಎಂದು ಮಗಳು ಫಾಯಿಜಾ ಹೇಳಿದಳು. ಚಾಮರಾಜನಗರದಲ್ಲಿ ಬಿ.ಎ. ಓದುವವಳು, ಅವಳಿಗೆ ಎಲ್ಲವೂ ಜಾಸ್ತಿಯೇ.

ಜೂನ್ ೧೨, ಗುರುವಾರ

ಇವತ್ತು ಚಾಮರಾಜನಗರದಿಂದ ಪುರಾತತ್ವ ಇಲಾಖೆಯ ಮೇಡಂ ಬಂದಿದ್ದರು. ಭಾನು ಅಂತ ಹೆಸರು, ಫಾಯಿಜಾಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕಬ್ಬಿಣದ ಕಂಬಗಳೂ ಒಂದು ಬೋರ್ಡೂ ಬೇಕಂತೆ. ಎಲ್ಲಿಗೆ ಎಂದು ಕೇಳಿದರೆ, ನನ್ನ ಸೈಟಿನ ಪಕ್ಕದ ಹೊಲಕ್ಕೆ.

ಹೋದ ತಿಂಗಳು ಕೆರೆಗೆ ನೀರಿನ ಪೈಪು ಹಾಕಲು ಆ ಹೊಲ ಅಗೆದಾಗ ಮೂಳೆಗಳು ಸಿಕ್ಕಿದ್ದು ಗೊತ್ತಿತ್ತು. ಜೊತೆಗೆ ಸೀಸದ ಗುಂಡುಗಳು, ಒಡೆದ ಬಳೆಗಳು. ಯಾವುದೋ ಕಾಲದಲ್ಲಿ ದಂಡು ಬಂದು ಜನರನ್ನು ಕೊಂದ ಜಾಗವಂತೆ. ಈಗ ಅದನ್ನು ಸಂರಕ್ಷಿತ ಪ್ರದೇಶ ಮಾಡುತ್ತಾರೆ. ಗೆರೆಯ ಒಳಗೆ ಉಳಬಹುದು, ಬಿತ್ತಬಹುದು, ಆದರೆ ಏನೂ ಕಟ್ಟುವಂತಿಲ್ಲ. "ಗೆರೆ ಎಲ್ಲಿ ಬರ್ತದೆ ಮೇಡಂ?" ಎಂದೆ. "ಅದನ್ನ ಕಂಡುಹಿಡಿಯೋದೇ ನನ್ ಕೆಲಸ" ಎಂದರು. ಸತ್ತವರು ಸತ್ತು ಎಷ್ಟೋ ಕಾಲವಾಯಿತು. ಇನ್ನೊಂದು ವರ್ಷ ಮಣ್ಣಿನಲ್ಲಿ ಸುಮ್ಮನಿದ್ದಿದ್ದರೆ ನನ್ನ ಶೆಡ್ಡು ಎದ್ದಿರುತ್ತಿತ್ತು.

ಬೋರ್ಡಿನ ಮೇಲೆ ಬರೆಯಬೇಕಾದದ್ದು 'ಹೊನ್ನದ ಹೊಲ'. ನಾವೆಲ್ಲ ಚಿಕ್ಕಂದಿನಿಂದ 'ಒನ್ನದೊಲ' ಅಂತಲೇ ಅಂದವರು. ಹಳೇ ಪಹಣಿಯಲ್ಲೂ ಹಾಗೇ ಇದೆಯಂತೆ. ಮೇಡಂ ನಕ್ಕು, "ನಿಮ್ ಕಡೆಯೋರು ಹಕಾರ ನುಂಗ್ತೀರಲ್ಲ, ನಾನು ವಾಪಸ್ ಹಾಕಿದೀನಿ ಅಷ್ಟೆ" ಎಂದರು. ನನಗೂ ಸರಿ ಎನ್ನಿಸಿತು. ಹಾಲನ್ನು ಆಲು, ಹಣ್ಣನ್ನು ಅಣ್ಣು ಎನ್ನುವವರು ಹೊನ್ನನ್ನು ಸುಮ್ಮನೆ ಬಿಟ್ಟಿರುತ್ತೇವೆಯೇ.

ಜೂನ್ ೧೫, ಭಾನುವಾರ

ಬೋರ್ಡು ಶುಕ್ರವಾರ ನಿಲ್ಲಿಸಿದೆ. ನೀಲಿ ಬಣ್ಣ, ಬಿಳಿ ಅಕ್ಷರ. ನನ್ನ ಕೈಯಿಂದ ಇಷ್ಟು ಚೆಂದದ ಬೋರ್ಡು ಇದುವರೆಗೆ ಬಂದಿರಲಿಲ್ಲ.

ಇವತ್ತು ಬೆಳಿಗ್ಗೆ ನೋಡಿದರೆ ಬೋರ್ಡಿನ ಸುತ್ತ ಗುಂಡಿಗಳು. ಹೊನ್ನು ಅಂತ ಓದಿಕೊಂಡ ಯಾರೋ ಗುದ್ದಲಿ ಸಮೇತ ಬಂದಿದ್ದಾರೆ. ಸರ್ಕಾರವೇ ಬೋರ್ಡು ಹಾಕಿ ನಿಧಿ ಇಲ್ಲಿದೆ ಎಂದರೆ ಜನ ಬೇರೇನು ಮಾಡಬೇಕು. ಹೊಲದ ದೊಡ್ಡ ಪಾಲು ಮರಿಮಲ್ಲಪ್ಪನದು. ನಾನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಫೇಲಾದವರು. "ಲೇ ಕಲಂದ್ರು, ಈರುಳ್ಳಿ ಮಡಿನೆಲ್ಲ ಅಗ್ದಾಕ್ಬುಟ್ಟವ್ರೆ ಕಣ್ಲಾ. ನಿನ್ನ ಬೋರ್ಡ್‌ಗೆ ಬೆಂಕಿ ಬೀಳ" ಎಂದ. ಬೈದ ಮೇಲೆ, ಏನಾದರೂ ಸಿಕ್ಕಿದೆಯಾ ಎಂದು ತಾನೂ ಒಂದೊಂದು ಗುಂಡಿಗೆ ಬಗ್ಗಿ ನೋಡಿದ.

ಜೂನ್ ೨೦, ಶುಕ್ರವಾರ

ನಮಾಜು ಮುಗಿಸಿ ಸೈಟಿನ ಕಡೆ ಹೋದೆ. ಭಾನು ಮೇಡಂ ರಸ್ತೆಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಈ ಊರವರಿಗೆ ಕಿವಿ ಕೇಳಿಸಲ್ವಾ ಕಲಂದರ್ ಅವ್ರೇ? ಬೆಳಿಗ್ಗೆಯಿಂದ ಗುರುಮಲ್ಲಮ್ಮನವರನ್ನ ಕೂಗ್ತಾ ಇದೀನಿ. ತಿರುಗಿ ನೋಡ್ತಾರೆ, ಮಾತಾಡಲ್ಲ. ರಸ್ತೆಗೆ ಬಂದ ಮೇಲೆ ಏನವ್ವ ಕರೆದ್ಯಾ ಅಂತಾರೆ."

ಗುರುಮಲ್ಲಮ್ಮ ಮರಿಮಲ್ಲಪ್ಪನ ತಾಯಿ. ಅಷ್ಟರಲ್ಲಿ ಅವರೂ ಬದು ದಾಟಿ ಬಂದರು.

"ಆ ಒಲ್ದಲ್ಲಿ ಎಸ್ರಿಡ್ದು ಕೂಗುದ್ರೆ ಓ ಅನ್ನಂಗಿಲ್ಲ ಕಣವ್ವ. ಅದ್ಕೇಯ ಅದು ಓ ಅನ್ನದೊಲ."

ಮೇಡಂ ಅದನ್ನು ಬಾಯಲ್ಲಿ ಒಂದೆರಡು ಸಲ ತಿರುಗಿಸಿದರು. ಓ ಅನ್ನದ ಹೊಲ. ಒನ್ನದೊಲ. ಆಮೇಲೆ ನನ್ನ ಚೆಂದದ ಬೋರ್ಡಿನ ಕಡೆ ನೋಡಿ ಹಣೆಗೆ ಕೈ ಹಚ್ಚಿಕೊಂಡು ನಕ್ಕರು. ಇಲ್ಲದ ಹಕಾರವನ್ನು ಹುಡುಕಿ ತಂದು ಹಾಕಿದ್ದೆ ನಾನು ಎಂದು ತಮ್ಮನ್ನೇ ಬೈದುಕೊಂಡರು. ನಾನೂ ನಕ್ಕೆ. ಗುರುಮಲ್ಲಮ್ಮ ನಗಲಿಲ್ಲ.

"ದಂಡು ಬಂದಾಗ ಊರ್ ಜನ ಎಲ್ಲ ಜೋಳದೊಳ್ಗೆ ಅವಿತ್ಕಂಡಿದ್ರಂತೆ. ಆಳೆತ್ರ ಜೋಳ, ದಂಡ್ನೋರ್ಗೆ ಕಾಣ್ನಿಲ್ಲ. ನಮ್ಮೂರೋನ್ನೇ ಒಬ್ಬನ್ನ ಇಡ್ಕಂಡು, ಕತ್ತಿಗೆ ಕತ್ತಿ ಮಡ್ಗಿ ಕೂಗ್ಸುದ್ರಂತೆ, ಒಬ್ಬೊಬ್ರ ಎಸ್ರೂವೆ. ಗೊತ್ತಿರೋ ದನಿಯಲ್ವ, ಓ ಅಂದ್ರು. ಅಂದೋರೆಲ್ಲ ಸತ್ರು. ಅನ್ದೆ ಇದ್ದೋರ ಮಕ್ಕಳು ಮೊಮ್ಮಕ್ಕಳು ನಾವು."

"ಕೂಗಿದೋನು ಯಾರಮ್ಮ?"

"ಅವ್ನ ಎಸ್ರ ಯಾರೂ ಯೇಳ್ನಿಲ್ಲ. ಅವ್ನೂ ನಮ್ಮೋನೆಯಾ."

"ಯಾರ ದಂಡು?"

"ಕುದ್ರೆ ಮೇಲೆ ಬಂದ್ರಂತೆ. ಕುದ್ರೇನ ಜಾತಿ ಕೇಳಕಾಯ್ತದ?"

ನಮ್ಮ ದಾದಿ, ಅಂದರೆ ಅಬ್ಬಾನ ತಾಯಿ, ಅವಳೂ ನಾನು ಚಿಕ್ಕವನಿದ್ದಾಗ ಅಲ್ಲಿ ಹಾದುಹೋಗುವಾಗ ಬಾಯಿ ಮುಚ್ಚಿಸುತ್ತಿದ್ದಳು, "ಆವಾಜ್ ನಕ್ಕೊ ದೇ", ದನಿ ಕೊಡಬೇಡ ಎಂದು. ದನಿ ಕೇಳಿದರೆ ಹಾವು ಬರುತ್ತದೇನೋ ಎಂದುಕೊಂಡಿದ್ದೆ. ಅವಳ ಅಂಗೈಗೆ ಯಾವಾಗಲೂ ಎಲೆಅಡಿಕೆಯ ವಾಸನೆ. ಇದನ್ನು ಯಾಕೆ ಬರೆದೆನೋ, ಶೆಡ್ಡಿಗೂ ಇದಕ್ಕೂ ಸಂಬಂಧವಿಲ್ಲ.

ಜೂನ್ ೨೩, ಸೋಮವಾರ

ಬೋರ್ಡು ಕಿತ್ತು ತಂದೆ. ಹೊಸದಾಗಿ ಪ್ರೈಮರ್ ಹೊಡೆದಿದ್ದೇನೆ. ಹೊಸ ಹೆಸರಿಗೆ ಒಂದೇ ಅಕ್ಷರ ಜಾಸ್ತಿ, ಇದ್ದ ಬಣ್ಣ ಸಾಕಾಗುತ್ತದೆ.

ಜುಲೈ ೩, ಗುರುವಾರ

ಭಾನು ಮೇಡಂ ತಲೆ ನೋಡಿ. ಹೆಸರು ಕೂಗಿದಾಗ ಎಲ್ಲಿ ಜನ ಸುಮ್ಮನಿರುತ್ತಾರೋ ಅದು ಹೊಲದ ಒಳಗು, ಎಲ್ಲಿ ಓ ಅನ್ನುತ್ತಾರೋ ಅದು ಹೊರಗು ಎಂದು ಲೆಕ್ಕ ಹಾಕಿದ್ದಾರೆ. ವಾರದಿಂದ ರಸ್ತೆಯಲ್ಲಿ, ಬದುವಿನಲ್ಲಿ ನಿಂತು ಕೆಲಸದವರನ್ನೆಲ್ಲ ಹೆಸರು ಹಿಡಿದು ಕೂಗುವುದು, ನಕ್ಷೆಯಲ್ಲಿ ಚುಕ್ಕೆ ಇಡುವುದು. ಓ ಅಂದರೆ ನೀಲಿ, ಸುಮ್ಮನಿದ್ದರೆ ಕೆಂಪು. ಗುಂಡು, ಬಳೆಚೂರು ಸಿಕ್ಕ ಜಾಗಗಳೆಲ್ಲ ಕೆಂಪಿನ ಒಳಗೇ ಬಂದಿವೆಯಂತೆ. ಜನರ ನೆನಪೂ ಸಾಕ್ಷಿಯೇ ಎಂದು ಮೇಲಿನವರಿಗೆ ಬರೆದಿದ್ದಾರೆ.

ಮರಿಮಲ್ಲಪ್ಪ ಇದನ್ನೆಲ್ಲ ನಂಬದ ಧೀರ. ಟ್ರಾಕ್ಟರಿನಲ್ಲಿ ಸಿನಿಮಾ ಹಾಡು ಹಾಕಿಕೊಂಡು ಆ ಹೊಲ ಉಳುವವನು. ಮೇಡಂ ಕೂಗಿದಾಗ ಔಷಧಿ ಹೊಡೆಯುತ್ತಿದ್ದವನು ಕಲ್ಲಿನ ಹಾಗೆ ನಿಂತ. ಕ್ಯಾನು ಬೆನ್ನಿಗೆ ಹಾಕಿಕೊಂಡೇ ಬದುವಿಗೆ ಬಂದು, ಒಂದು ಕಾಲು ಆಚೆ ಇಟ್ಟು, "ಓ, ಏನ್ ಮೇಡಂ" ಎಂದ. ಫೋನಿನಲ್ಲಿ ಹಲೋ ಅನ್ನುತ್ತೀಯಲ್ಲ ಎಂದರೆ ಹಲೋ ಬೇರೆ ಓ ಬೇರೆ ಎನ್ನುತ್ತಾನೆ.

ಹೊಲದ ಒಳಗೇ ಮರಿಮಲ್ಲಪ್ಪ ಹಾಕಿದ್ದ ಚೆಂಡುಹೂವಿನ ನಡುವೆ ಕೇರಳದ ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳುತ್ತಾ, ಬಿಜೂ, ಷೈನೀ ಎಂದು ಗಂಟಲು ಹರಿಯುವ ಹಾಗೆ ಕೂಗಿಕೊಳ್ಳುತ್ತಿದ್ದರು. ಮೇಡಂ ಗುರುಮಲ್ಲಮ್ಮನ ಮುಖ ನೋಡಿದರು. "ಅವ್ರ ಎಸ್ರು ಆ ಕೂಗೋನ್ಗೆ ಗೊತ್ತಿಲ್ಲ ಬುಡವ್ವ" ಎಂದರು ಅವರು.

ನಕ್ಷೆಯಲ್ಲಿ ಒಂದು ಮೂಲೆ ಮಾತ್ರ ಖಾಲಿ. ನನ್ನದು. ಅಲ್ಲಿ ಅಗೆದರೂ ಏನೂ ಸಿಕ್ಕಿಲ್ಲ, ಕಾಂಗ್ರೆಸ್ ಗಿಡದ ನಡುವೆ ಯಾರೂ ಕೆಲಸಕ್ಕೆ ನಿಲ್ಲುವುದೂ ಇಲ್ಲ. ಗೆರೆ ಬದುವಿನ ಮೇಲೆ ಹೋದರೆ ಮೂಲೆ ನನಗೆ, ರಸ್ತೆಯ ಮೇಲೆ ಹೋದರೆ ಸತ್ತವರಿಗೆ. "ಅದು ನಿಮ್ ಜಾಗ, ನಿಮ್ಮ ಹಿರೀಕರೂ ಈ ಊರವರೇ. ನೀವೇ ಒಂದಿನ ನಿಂತ್ಕೊಳ್ಳಿ, ನಾನು ಕೂಗ್ತೀನಿ" ಎಂದರು. ಮುಂದಿನ ಗುರುವಾರ.

ಒಂದು ಓ. ಅಷ್ಟಕ್ಕೆ ಶೆಡ್ಡು ನನ್ನದು. ಇಷ್ಟು ಸಲೀಸಾಗಿ ಯಾವ ಸರ್ಕಾರಿ ಕೆಲಸವೂ ಆದದ್ದಿಲ್ಲ.

ಜುಲೈ ೭, ಸೋಮವಾರ

ಮರಿಮಲ್ಲಪ್ಪನ ಜೊತೆ ಬೇಗೂರಿಗೆ ಶಟರ್ ಕೂರಿಸಲು ಹೋಗಿದ್ದೆ. ಟೀ ಕುಡಿಯುವಾಗ ಹೇಳಿದೆ, ನಿಮ್ಮ ಅವ್ವ ಎದುರಿಗೆ ನಿಂತಿರುತ್ತಾರೆ, ಓ ಅನ್ನಲು ಒಂಥರಾ ಆಗುತ್ತದೆ ಎಂದು.

"ಓ ಅನ್ನಂಗಿಲ್ಲ ಅಂತ ತಾನೆ ಇರದು? ನೀವು ಮನೇಲಿ ಓ ಅಂತೀರ್ಲಾ? ಹಾಂ ಅಂತೀರಿ. ನೀನೂ ಹಾಂ ಅಂದ್ಬುಡು. ಅವ್ವುಂಗೂ ಬ್ಯಾಸರಿಲ್ಲ, ಮೇಡಂಗೂ ನೀಲಿ ಚುಕ್ಕೆ."

ಹತ್ತನೇ ಕ್ಲಾಸಿನಲ್ಲಿ ಈ ಬುದ್ಧಿ ಇದ್ದಿದ್ದರೆ ಇಬ್ಬರೂ ಪಾಸಾಗುತ್ತಿದ್ದೆವು. ಟೀ ಕಾಸು ನಾನೇ ಕೊಟ್ಟೆ.

ಜುಲೈ ೮, ಮಂಗಳವಾರ

ಅಭ್ಯಾಸ ಮಾಡಿಕೊಳ್ಳೋಣ ಎಂದು ಫಖ್ರುನ್ನೀಸಾಗೆ ಹೇಳಿದೆ: ಒಂದು ಸಲ ನನ್ನ ಹೆಸರು ಕೂಗು, ನಾನು ಹಾಂ ಅನ್ನುತ್ತೇನೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗಲು ಶುರು ಮಾಡಿದಳು. ಮದುವೆಯಾದಂದಿನಿಂದ ನಾನು ಅವಳಿಗೆ 'ಸುನೋಜೀ', ಅಂದರೆ 'ಕೇಳಿ ಇಲ್ಲಿ'. ಮಗಳು ಹುಟ್ಟಿದ ಮೇಲೆ 'ಫಾಯಿಜಾ ಕೇ ಅಬ್ಬಾ'. ಇಷ್ಟು ವರ್ಷ ಬಾಯಲ್ಲಿ ಬಾರದ ಗಂಡನ ಹೆಸರನ್ನು ಒಂದು ಶೆಡ್ಡಿಗೋಸ್ಕರ ಕೂಗಬೇಕೇ ಎಂದಳು. ಮೇಡಂ ನನ್ನನ್ನು ಫಾಯಿಜಾ ಕೇ ಅಬ್ಬಾ ಅಂತ ಕೂಗುವುದಿಲ್ಲ ಎಂದೆ. ಅದು ಮೇಡಂ ಕಷ್ಟ ಎಂದಳು.

ಯೋಚಿಸಿದರೆ, ಅಮ್ಮಿ ಹೋದ ಮೇಲೆ ಈ ಮನೆಯಲ್ಲಿ ನನ್ನ ಹೆಸರು ಕೂಗುವವರು ಯಾರೂ ಇಲ್ಲ. ಕೊನೆಗೆ ಬಚ್ಚಲಿನಲ್ಲಿ ನಾನೇ 'ಕಲಂದರ್' ಎಂದು ಕೂಗಿ ನಾನೇ ಹಾಂ ಎಂದೆ. ಗೋಡೆಯಾಚೆಯ ಮನೆಯವರು, ಯಾರು ಬಂದಿದ್ದಾರೆ ಸಾಬ್ರೇ ಎಂದು ಕೇಳಿದರು.

ಜುಲೈ ೯, ಬುಧವಾರ

ಗಂಟಲು ಸರಿಯಾಗಿದೆ. ಆದರೂ ಬಿಸಿನೀರಿಗೆ ಜೇನುತುಪ್ಪ ಹಾಕಿ ಕುಡಿದೆ.

ಜುಲೈ ೧೦, ಗುರುವಾರ

ಕೆಂಪು ಚುಕ್ಕೆ.

ಊಟ ಬೇಡ ಎಂದೆ. ಏನಾಯಿತು ಎಂದು ಫಖ್ರುನ್ನೀಸಾ ಕೇಳಲಿಲ್ಲ. ಕೇಳದೆ ಇರುವುದು ಅವಳ ಅಭ್ಯಾಸವಲ್ಲ.

ಜುಲೈ ೧೧, ಶುಕ್ರವಾರ

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಬರೆದುಬಿಡುತ್ತೇನೆ, ಆಮೇಲೆ ಇದರ ಬಗ್ಗೆ ಯೋಚಿಸುವುದಿಲ್ಲ.

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಮೇಡಂ ರಸ್ತೆಯಲ್ಲಿ ನಿಂತರು. ಗುರುಮಲ್ಲಮ್ಮ ರಸ್ತೆ ಬದಿಯ ಮರದ ನೆರಳಿನಲ್ಲಿ ಕೂತಿದ್ದರು, ಮರಿಮಲ್ಲಪ್ಪ ದೂರದಿಂದ ನನಗೆ ಬಾಯಿ ಅಗಲಿಸಿ ಹಾಂ ಅನ್ನುವುದನ್ನು ತೋರಿಸುತ್ತಿದ್ದ. ನಾನು ಗಿಡಗಳ ನಡುವೆ ಹೋಗಿ ನಿಂತೆ. ಮಳೆ ಬಿದ್ದು ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆದಿತ್ತು. ನಾನು ಕುಳ್ಳ ಬೇರೆ. ರಸ್ತೆಯಿಂದ ನನ್ನ ತಲೆ ಮಾತ್ರ ಕಾಣುತ್ತಿದೆ ಎಂದು ಮರಿಮಲ್ಲಪ್ಪ ನಕ್ಕ.

"ಕಲಂದರ್ ಅವ್ರೇ."

ಹಾಂ ಅನ್ನಲು ಬಾಯಿ ತೆರೆದೆ. ಆಗ ದಾದಿಯ ಕೈ ಬಂತು. ಬಂತು ಅಂದರೆ ದೆವ್ವ ಭೂತ ಅಂತಲ್ಲ, ನೆನಪಾಯಿತು. ಅದೇ ಮೂಲೆ. ನಾನು ಚಿಕ್ಕವನು, ದಾದಿ ಸೊಪ್ಪು ಕೊಯ್ಯುತ್ತಿದ್ದಳು. ಅಬ್ಬಾ ಪೇಟೆಯಿಂದ ಸೈಕಲ್ಲಿನಲ್ಲಿ ಬಂದು ರಸ್ತೆಯಿಂದ ನನ್ನ ಹೆಸರು ಕೂಗಿದರು. ಅವರು ಆಗಲೇ ಪೇಟೆಯವರಾಗಿದ್ದರು, ಮರೆತಿದ್ದರು. ದಾದಿ ನನ್ನ ಬಾಯಿ ಮುಚ್ಚಿ, ಗಿಡಗಳ ಮರೆಗೆ ಎಳೆದು ಕೂರಿಸಿಕೊಂಡಳು. ಕೂಗುತ್ತಿರುವುದು ಮಗನೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಸೈಕಲ್ಲು ಮುಂದೆ ಹೋಗುವ ತನಕ ಕೈ ತೆಗೆಯಲಿಲ್ಲ. ಅಷ್ಟು ದೊಡ್ಡ ಹೆಂಗಸು ಅವಿತು ಕೂರುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮೇಡಂ ಇನ್ನೊಂದು ಸಲ ಕೂಗಿದರು. ಒಳ್ಳೆಯ ದನಿ ಅವರದು, ನಂಬಬೇಕು ಅನ್ನಿಸುವಂಥದ್ದು. ಆ ದಿನವೂ ಹಾಗೇ ಇದ್ದಿರಬೇಕು. ಗೊತ್ತಿದ್ದವನ ದನಿ, ಇನ್ನು ಭಯವಿಲ್ಲ ಬನ್ನಿ ಎಂದಿರಬೇಕು. ನಮ್ಮವರು ಜೋಳದೊಳಗೆ ಮಕ್ಕಳ ಬಾಯಿ ಮುಚ್ಚಿಕೊಂಡು ಕೂತಿದ್ದರು. ನನಗೆ ಅಳು ಬಂತು. ಓ ಬರಲಿಲ್ಲ, ಹಾಂ ಕೂಡ ಬರಲಿಲ್ಲ.

ಅಷ್ಟು ಹೊತ್ತಿಗೆ ಹೂಕೋಸಿನ ಲಾರಿಯೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಮೇಡಂ ಗಿಡ ತಳ್ಳಿಕೊಂಡು ನನ್ನ ಹತ್ತಿರ ಬಂದರು. ಮುಖ ನೋಡಿದರು. ಮೆಲ್ಲಗೆ ಕೇಳಿದರು:

"ಲಾರಿ ಸದ್ದಿಗೆ ಕೇಳಿಸ್ಲಿಲ್ಲ ಅಂತ ಬರ್ಕೊಳ್ಳಾ? ಬೇಕಾದ್ರೆ ಇನ್ನೊಂದಿನ ಕೂಗ್ತೀನಿ."

ಒಳ್ಳೆಯ ಹೆಣ್ಣುಮಗಳು. ತಲೆ ಆಡಿಸಿದ್ದರೆ ಸಾಕಿತ್ತು. ನಾನು ರಸ್ತೆಗೆ ಬಂದೆ. ರಸ್ತೆಯಲ್ಲಿ ನಿಂತುಕೊಂಡು, "ಕೇಳುಸ್ತು ಮೇಡಂ" ಎಂದೆ.

ಮರಿಮಲ್ಲಪ್ಪ ಹಣೆ ಚಚ್ಚಿಕೊಂಡ. ಶೆಡ್ಡು ಹೋಯಿತು. ನನ್ನಂಥ ಮುಠ್ಠಾಳ ಈ ತಾಲ್ಲೂಕಿನಲ್ಲಿಲ್ಲ.

ಜುಲೈ ೧೮, ಶುಕ್ರವಾರ

ಗುರುಮಲ್ಲಮ್ಮ ಹೇಳಿಕಳಿಸಿದ್ದರು. ಮೂಲೆಯ ಎದುರಿಗೆ, ರಸ್ತೆಯ ಆಚೆ ಬದಿಗೆ ಅವರು ಈರುಳ್ಳಿ ಹಾಕುತ್ತಿದ್ದ ಹಳೇ ಶೆಡ್ಡಿದೆ. ನೀನೇ ಇಟ್ಕೊ ಎಂದರು. ಬಾಡಿಗೆ ಎಷ್ಟು, ಅಡ್ವಾನ್ಸು ಬೇಡವೇ ಎಂದು ಮರಿಮಲ್ಲಪ್ಪ ತಾಯಿಯನ್ನು ಕೇಳಿದ. "ಓ ಅನ್ದೆ ಇದ್ದೋನು ಬಾಡ್ಗೆ ಕೊಡ್ದೆ ಇದ್ದಾನಾ, ಸುಮ್ನಿರ್ಲಾ" ಎಂದರು. ಇದರಲ್ಲಿ ಯಾವ ತರ್ಕವಿದೆಯೋ ನನಗೂ ಗೊತ್ತಾಗಲಿಲ್ಲ, ಮರಿಮಲ್ಲಪ್ಪನಿಗೂ ಗೊತ್ತಾಗಲಿಲ್ಲ. 

ಶೆಡ್ಡಿನ ಒಳಗೆ ಕಾಲಿಟ್ಟರೆ ಈರುಳ್ಳಿ ಘಾಟು. ವೆಲ್ಡಿಂಗ್ ಮಾಡುವವನಿಗೆ ಕಣ್ಣೀರು ಹೊಸದಲ್ಲ. ಸೂರು ಸ್ವಲ್ಪ ಸೋರುತ್ತದೆ. ಎಂಜಿನಿಯರಿಂಗ್ ವರ್ಕ್ಸ್‌ಗೆ ಅಷ್ಟು ರಿಪೇರಿ ಬಾರದೆ ಇದ್ದರೆ ಹೇಗೆ.

ಜುಲೈ ೨೯, ಮಂಗಳವಾರ

ಕಂಬಗಳೆಲ್ಲ ನೆಟ್ಟು ಮುಗಿಯಿತು. ಗೆರೆ ರಸ್ತೆಯ ಅಂಚಿನಲ್ಲೇ ಹೋಗುತ್ತದೆ. ನನ್ನ ಜಾಗಕ್ಕೆ ನಾನೇ ತಂತಿಬೇಲಿ ಹಾಕಿದೆ, ಅದೂ ಇಲಾಖೆಯ ಖರ್ಚಿನಲ್ಲಿ. ಇಂಥ ಯೋಗ ಎಷ್ಟು ಜನಕ್ಕಿದೆ. ಮೂಲೆಯ ಕಾಂಗ್ರೆಸ್ ಗಿಡಗಳನ್ನು ಕಿತ್ತುಹಾಕಿ ಹುರುಳಿ ಚೆಲ್ಲಿದ್ದೇನೆ. ಎತ್ತರ ಬೆಳೆಯುವಂಥದ್ದು ಏನೂ ಬೇಡ ಅನ್ನಿಸಿತು, ಯಾಕೋ.

ಭಾನು ಮೇಡಂ ನಿನ್ನೆ ಚಾಮರಾಜನಗರಕ್ಕೆ ವಾಪಸಾದರು. ಯಾರ ದಂಡು ಅಂತ ಬೋರ್ಡಿನಲ್ಲಿ ಬರೆಯಿರಿ ಎಂದು ಎರಡು ಪಾರ್ಟಿಯವರೂ ಅವರಿಗೆ ಫೋನು ಮಾಡಿದ್ದರಂತೆ. ಸಾಕ್ಷಿ ಸಿಕ್ಕಿದಾಗ ಬರೆಯೋಣ ಎಂದು ಅಷ್ಟು ಜಾಗ ಖಾಲಿ ಬಿಡಿಸಿದ್ದಾರೆ. ಮೇಲೆ ದೊಡ್ಡಕ್ಷರದಲ್ಲಿ 'ಓ ಅನ್ನದ ಹೊಲ' ಎಂದಿದೆ. ಓ ಅಕ್ಷರವನ್ನು ನಾನು ಬಹಳ ನಿಧಾನವಾಗಿ ಬರೆದೆ.

ಸಾಯಂಕಾಲ ಕೊನೆಯ ಕಂಬಕ್ಕೆ ಬೇಲಿಯ ಒಳಬದಿಯಿಂದ ಬಣ್ಣ ಹೊಡೆಯುತ್ತಿದ್ದೆ. ಹೊಸ ವರ್ಕ್‌ಶಾಪು ನೋಡುತ್ತೇನೆ ಎಂದು ಫಖ್ರುನ್ನೀಸಾ ಫಾಯಿಜಾಳ ಸ್ಕೂಟರಿನಲ್ಲಿ ಬಂದಿದ್ದಳು. ರಸ್ತೆಯಾಚೆ ಶೆಡ್ಡಿನ ಬಾಗಿಲಲ್ಲಿ ನಿಂತು, ಮೂಗು ಮುಚ್ಚಿಕೊಂಡು ಒಳಗೆ ಇಣುಕಿದಳು. ಆಮೇಲೆ ಈ ಕಡೆ ತಿರುಗಿದಳು. ಸೆರಗು ಸರಿ ಮಾಡಿಕೊಂಡಳು. ನಾನು ನೋಡುತ್ತಲೇ ಇದ್ದೆ.

"ಕಲಂದರ್" ಎಂದು ಕೂಗಿದಳು.

ಅವಳ ಬಾಯಲ್ಲಿ ನನ್ನ ಹೆಸರು ಹೀಗೆ ಕೇಳಿಸುತ್ತದೆ ಎಂದು ಇವತ್ತು ಗೊತ್ತಾಯಿತು. ಸ್ಕೂಟರಿನ ಮೇಲೆ ಕೂತಿದ್ದ ಮಗಳು ಬಾಯಿ ಬಿಟ್ಟುಕೊಂಡು ತಾಯಿಯನ್ನು ನೋಡುತ್ತಿದ್ದಳು.

ನಾನು ಮಾತಾಡಲಿಲ್ಲ. ಬ್ರಷ್ಷನ್ನು ಡಬ್ಬಿಯಲ್ಲಿಟ್ಟೆ. ತಂತಿ ಎತ್ತಿ, ನುಸುಳಿ, ರಸ್ತೆಗೆ ಬಂದು ನಿಂತೆ. ಅವಳು ಅಲ್ಲಿಯತನಕ ಕಾದಳು.

ಆಮೇಲೆ ಓ ಅಂದೆ.